ಜಾಮೀನು ಹಾಕಿದ ಮಾವ

ಸಾಲ ಮಾಡದೆ ಬದುಕುವುದು ಒಳ್ಳೆಯ ಗುಣವೆಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಅದೊಂದು ದೊಡ್ಡ ಕೊರತೆಯೆಂದು ತಿಳಿದದ್ದು ಫೈನಾನ್ಸ್ ಕಚೇರಿಯ ಮೆಟ್ಟಿಲು ಹತ್ತಿದ ಮೇಲೆಯೇ. ನಾನು ಮಂಡಿಪೇಟೆಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ. ಎರಡು ಕೈ ಬದಲಾಯಿಸಿದ ಬಿಳಿ ಕಾರೊಂದರ ಮೇಲೆ ಮನಸ್ಸಾಗಿತ್ತು. "ಹಿಂದೆ ಸಾಲ ತಗೊಂಡು ತೀರಿಸಿದ್ದು ಏನಾರ ಐತೇನ್ರಿ?" ಎಂದು ಮ್ಯಾನೇಜರು ಕೇಳಿದರು. "ಇಲ್ರಿ, ಯಾರ ಹತ್ರಾನೂ ಒಂದು ರೂಪಾಯಿ ಸಾಲ ಮಾಡಿದೋನಲ್ಲ" ಎಂದೆ, ಎದೆಯುಬ್ಬಿಸಿ. ಅವರ ಮುಖ ಸಪ್ಪಗಾಯಿತು. "ಹಂಗಾದ್ರೆ ನಿಮ್ಮನ್ನ ಹೆಂಗ್ರಿ ನಂಬೋದು? ಜಾಮೀನಿಗೆ ಯಾರನ್ನಾರ ಕರ್ಕೊಂಡು ಬರ್ರಿ."

ಕಾರು ಬರೀ ನನ್ನ ಶೋಕಿಗಲ್ಲ. ಹರಿಹರದ ತವರುಮನೆಯ ಬಾಗಿಲಲ್ಲಿ ಒಮ್ಮೆ ಮಗನ ಕಾರಿನಿಂದ ಇಳಿಯಬೇಕೆಂಬುದು ಅವ್ವನ ಬಹುದಿನದ ಆಸೆ. ಅವಳ ತಂಗಿಯರೆಲ್ಲ ಹಾಗೆಯೇ ಇಳಿಯುತ್ತಾರೆ. ಇವಳು ಮಾತ್ರ ಬಸ್ಸಿಳಿದು, ಬಿಸಿಲಲ್ಲಿ ನಡೆದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೋಗಿ ನಿಲ್ಲುತ್ತಿದ್ದಳು. ಆಗ ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ತಾವೇ ಚೊಂಬು ಹಿಡಿದು ಬಂದು ಕಾಲಿಗೆ ನೀರು ಕೊಟ್ಟು, "ಬಾರವ್ವ, ಎಷ್ಟು ಸೊರಗಿದ್ದಿ" ಅನ್ನುತ್ತಿದ್ದರು.

ಜಾಮೀನಿಗೆ ಸಹಿ ಹಾಕುವ ಉತ್ಸಾಹ ಅಪ್ಪನಿಗಿತ್ತು, ಆದಾಯದ ಪುರಾವೆ ಇರಲಿಲ್ಲ. ಹೀಗಾಗಿ ಮಾವನೇ ಬರಬೇಕಾಯಿತು. ಪ್ರತಿ ಹಾಳೆಗೂ ಸಹಿ ಹಾಕಿ, "ಇವ ಕಂತು ಕಟ್ಲಿಲ್ಲಂದ್ರೆ ನಾನು ಕಟ್ಟಬೇಕು, ಹೌದಲ್ರಿ?" ಎಂದು ಮ್ಯಾನೇಜರನ್ನು ಕೇಳಿ ಖಾತ್ರಿ ಮಾಡಿಕೊಂಡರು. ಆ ಕ್ಷಣದಿಂದ ಕಾರು ಅವರದಾಯಿತು. ದಿನಾ ಫೋನು. "ನೆರಳಾಗ ನಿಲ್ಲಿಸೀಯೇನೋ? ಬಣ್ಣ ಮಾಸ್ತೈತೆ." "ಅಂಗಡಿಗೆಲ್ಲ ಒಯ್ಯಬ್ಯಾಡ, ಟಯರ್ ಸವೀತಾವ. ನಾಳೆ ನನ್ನ ಕೊರಳಿಗೆ ಬಂದ್ರೆ ಗಾಡಿಗೆ ಏನಾರ ಬೆಲೆ ಇರಬೇಕಲ್ಲಪ್ಪ." ನಾನು ಮುಳುಗುತ್ತೇನೆಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ, ಯಾವತ್ತು ಎಂಬುದಷ್ಟೇ ಗೊತ್ತಾಗಬೇಕಿತ್ತು. ಎಸ್.ಎಸ್. ಬಡಾವಣೆಯ ನಮ್ಮ ಬಾಡಿಗೆ ಮನೆಯ ಮುಂದೆ ಕಾರು ಹೊದಿಕೆ ಹೊದ್ದು ಮಲಗಿತು. ನಾನು ಸಿಟಿ ಬಸ್ಸಿನಲ್ಲಿ ಜೋತಾಡುತ್ತಾ ಅಂಗಡಿಗೆ ಹೋಗಿ ಅದರ ಕಂತು ದುಡಿಯತೊಡಗಿದೆ.

ಒಂದು ಭಾನುವಾರ ಮನಸ್ಸು ಗಟ್ಟಿಮಾಡಿ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹರಿಹರಕ್ಕೆ ಹೊರಟೆ. ಮದುವೆಮನೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟಿದ್ದಳು. ತವರಿನ ಬಾಗಿಲಲ್ಲಿ ನಿಲ್ಲಿಸಿ, ಬೇಕಿಲ್ಲದಿದ್ದರೂ ಎರಡು ಸಲ ಹಾರ್ನ್ ಹೊಡೆದೆ. ಅವ್ವ ನಿಧಾನವಾಗಿ, ಓಣಿಯವರೆಲ್ಲ ನೋಡಲಿ ಎಂಬಂತೆ ಇಳಿದಳು. ಮಾವ ಹೊರಬಂದರು, ಬರಿಗೈಯಲ್ಲಿ. ನೇರ ಕಾರಿನ ಹತ್ತಿರ ಬಂದು ಒಂದು ಸುತ್ತು ಹಾಕಿದರು. ಬಗ್ಗಿ ಟಯರಿಗೆ ಉಗುರು ಒತ್ತಿದರು. ಬಾಗಿಲ ಮೇಲಿನ ಗೀರನ್ನು ಸವರಿ, "ಇದು ಯಾವಾಗ ಆತು?" ಎಂದರು. "ಓಣಿಯೊಳಗ ಬರುವಾಗ ಎಡಗಡೆ ಚಕ್ರ ಸದ್ದು ಮಾಡ್ತಿತ್ತಲ್ಲೋ, ನಿನಗೆ ಕೇಳಲಿಲ್ಲೇನು?" ಅವ್ವ ಹೂವು-ಹಣ್ಣಿನ ಚೀಲ ಹಿಡಿದು ಬಿಸಿಲಲ್ಲಿ ನಿಂತೇ ಇದ್ದಳು. ಕೊನೆಗೆ ಅತ್ತೆ ಬಂದು ಒಳಗೆ ಕರೆದರು.

ಸಂಜೆ ವಾಪಸು ಬರುವಾಗ ಅವ್ವ ಕಿಟಕಿಯ ಕಡೆ ನೋಡುತ್ತಲೇ, "ಮುಂದಿನ ಸಲ ಬಸ್ಸಿಗೇ ಹೋಗೋಣಪ್ಪ. ಬಸ್ಸಿಗೆ ಬಂದ್ರೆ ಅಣ್ಣ ನನ್ನ ಮುಖಾನಾರ ನೋಡ್ತಿದ್ದ" ಎಂದಳು. ಇನ್ನೂ ಏನೋ ಹೇಳಹೊರಟಳು.

"ಸ್ವಲ್ಪ ಸುಮ್ನಿರವ್ವ" ಎಂದೆ ನಾನು, "ಆ ಚಕ್ರದ ಸದ್ದು ಕೇಳಬೇಕು."