ಹೊಳೆಬದಿ ಅಂಗಡಿಯ ಉಸ್ತುವಾರಿ

ಹಳೆಯದನ್ನು ಉಳಿಸುತ್ತೇನೆಂದು ಒಮ್ಮೆ ಬಾಯಿಬಿಟ್ಟು ನೋಡಿ, ತಲೆ ಚಿಟ್ಟು ಹಿಡಿಸುವ ಪ್ರಸಂಗಗಳು ಮನೆ ಹುಡುಕಿಕೊಂಡು ಬರುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ ಸಿದ್ದಾಪುರದ ನಮ್ಮ ಇತಿಹಾಸ ಸಂಘಕ್ಕೆ ಮಾಸ್ತರಿಕೆಯಿಂದ ನಿವೃತ್ತನಾದ ನಾನು ಕಾರ್ಯದರ್ಶಿ. ಸೇತುವೆ ಬರುವ ಮೊದಲು ದೋಣಿಗೆ ಕಾಯುವವರೆಲ್ಲ ಕೂರುತ್ತಿದ್ದ ಹೊಳೆಬದಿಯ ಅಂಗಡಿ ಪಾಳುಬಿದ್ದಿತ್ತು. ಅದನ್ನು ಕೆಡವಿ ಬಸ್ ತಂಗುದಾಣ ಕಟ್ಟಲು ಪಂಚಾಯ್ತಿ ತುದಿಗಾಲಲ್ಲಿ ನಿಂತಿತ್ತು. ಕಾರವಾರದ ಜಿಲ್ಲಾ ಕಚೇರಿಯ ಸಾಹೇಬರು ಬಂದು ನೋಡಿ, ವಸ್ತುಸಂಗ್ರಹಾಲಯವೆಂದು ಒಪ್ಪಿದರೆ ಮಾತ್ರ ಅಂಗಡಿ ಉಳಿಯುತ್ತಿತ್ತು.

ಮಿಕ್ಸಿ

ಹಳೇ ಸಾಮಾನಿದ್ದರೆ ಕೊಡಿ ಎಂದು ಊರೂರು ತಿರುಗಿದೆ. ಮನ್ಮನೆ ಎಂಬ ಊರಿನ ಅಕ್ಕನೊಬ್ಬರು ಮಿಕ್ಸಿ ತಂದಿಟ್ಟರು.

"ಇದೆಂತಕ್ಕೆ ಅಕ್ಕಾ?"

"ಹಳೇದು ಬೇಕು ಹೇಳಿದ್ರಲ ಮಾಸ್ತರೇ. ಇದು ತಿರುಗದೇ ವರ್ಷಾತು."

ಬೇಜಾರು ಮಾಡಿಕೊಂಡಾರೆಂದು ಇಟ್ಟುಕೊಂಡೆ. ಅವರ ಒತ್ತಾಯಕ್ಕೆ ದಾನಿಯ ಹೆಸರಿನ ಚೀಟಿಯನ್ನೂ ಅಂಟಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಂದರು.

"ರಿಪೇರಿಯವ ಬಂದ. ಮಿಕ್ಸಿ ಕೊಡಿ. ಚೀಟಿ ನಿಂಗನೇ ಇಟ್ಗಳಿ."

ಸುಣ್ಣ

ಹಳೇ ಅಂಗಡಿಯೆಂದರೆ ಕವಳದ ತಟ್ಟೆ ಇರಬೇಕಲ್ಲ. ಎಲೆ, ಅಡಿಕೆ, ಸುಣ್ಣ ಜೋಡಿಸಿಟ್ಟು 'ಮುಟ್ಟಬೇಡಿ' ಎಂದು ಬೋರ್ಡು ಹಾಕಿದೆ. ಮರುದಿನ ನೋಡಿದರೆ ನಮ್ಮ ಸಂಘದ ಅಧ್ಯಕ್ಷರೇ ಅದರ ಮುಂದೆ ಕೂತು ಕವಳ ಹಾಕುತ್ತಿದ್ದರು.

"ಬೋರ್ಡು ಓದಿದ್ರಾ?" ಎಂದೆ.

"ಅದು ಹೊರಗಿನವಕ್ಕೆ" ಎಂದವರೇ ಬೆರಳಿನ ಸುಣ್ಣವನ್ನು ನಾನು ವಾರವಿಡೀ ಉಜ್ಜಿ ಪಾಲಿಶ್ ಹೊಡೆದಿದ್ದ ಕಂಬಕ್ಕೆ ಒರೆಸಿದರು. ನನಗೆ ಅಳುವೇ ಬಂತು.

"ಈ ಕಂಬದ ಮೇಲಿದ್ದ ಹಳೇ ಸುಣ್ಣ ಕೆರೆದು ತೆಗೆದವ ನೀನೇಯ. ಆನು ಇತಿಹಾಸ ವಾಪಸ್ ಇಡ್ತೆ" ಎಂದರು.

ಉಪ್ಪು

ಸಾಹೇಬರು ಬರುವ ದಿನ ಬಾಗಿಲು ತೆರೆದಿಟ್ಟಿದ್ದೆ. ಆಚೆ ದಡದ ಅಜ್ಜಿಯೊಬ್ಬಳು ನೇರ ಒಳಗೇ ಬಂದು, ನೋಡುವುದಕ್ಕೆಂದು ಇಟ್ಟಿದ್ದ ಉಪ್ಪಿನ ಗೋಣಿಗೆ ಕೈಹಾಕಿದಳು.

"ಎರಡು ಸೇರು ಕೊಡಾ ತಮಾ."

"ಅಜ್ಜೀ, ಇದು ಅಂಗಡಿ ಅಲ್ಲ, ವಸ್ತುಸಂಗ್ರಹಾಲಯ!"

"ಅದೆಲ್ಲ ಬೇಡ. ಉಪ್ಪು ಸಾಕು."

ಜಗಳ ಬೇಡವೆಂದು ಅಧ್ಯಕ್ಷರು ಅಳೆದೇ ಬಿಟ್ಟರು. ಅದನ್ನು ಕಂಡು ಇನ್ನೂ ನಾಲ್ವರು ಚೀಲ ಹಿಡಿದು ನಿಂತರು. ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಅವರು ಎಲ್ಲ ನೋಡಿ, ಒಂದು ಕವಳವನ್ನೂ ಹಾಕಿ ಹೇಳಿದರು:

"ನಡೀತಾ ಇರೋ ಅಂಗಡೀನ ಸಂಗ್ರಹಾಲಯ ಅಂತ ಒಪ್ಪೋಕೆ ಬರಲ್ಲ."

ನಾನು 'ಮುಟ್ಟಬೇಡಿ' ಬೋರ್ಡು ಕಳಚತೊಡಗಿದೆ. ಸಾಹೇಬರು ಮುಂದುವರಿಸಿದರು:

"ಹಾಗೇ ನಡೀತಾ ಇರೋ ಅಂಗಡೀನ ಪಾಳುಬಿದ್ದಿದೆ ಅಂತ ಕೆಡವೋಕೂ ಬರಲ್ಲ. ದಿನಾ ಯಾರು ಕೂರೋದು?"

ಸಂಘದವರೆಲ್ಲ ನನ್ನ ಮುಖ ನೋಡಿದರು.

ಅಂತೂ ಅಂಗಡಿ ಉಳಿಯಿತು, ನಾನು ಅದರಲ್ಲಿ ಸಿಕ್ಕಿಬಿದ್ದೆ. ಮುಂದಿನ ತಿಂಗಳು ಆ ಅಜ್ಜಿ ಮತ್ತೆ ಬಂದು ಉಪ್ಪು ಕಟ್ಟಿಸಿಕೊಂಡು ಕೇಳಿದಳು:

"ತಮಾ, ಅವತ್ತು ಎಂತದೋ ಸಂಗ್ರಹಾಲಯ ಹೇಳಿದ್ಯಲ, ಅದು ಬಂತಾ?"

"ಇಲ್ಲ ಅಜ್ಜೀ" ಎಂದೆ, "ಇನ್ನೂ ಬಂದಿಲ್ಲ."