ಹೆಲ್ಮೆಟ್ಟಿನೊಳಗಿನ ಹೂಂ

ನನ್ನ ನೆನಪನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದರಿಂದ ಆದ ಲಾಭ ಇದೊಂದೇ. ಯಾವ ಸಾಕ್ಷಿಯನ್ನೂ ಪೂರ್ತಿ ನಂಬಬೇಡಿ ಎಂದು ಅಲ್ಲಿ ಕಲಿಸಿದರು. ನಾನು ನನ್ನಿಂದಲೇ ಶುರುಮಾಡಿದೆ. ಲಿಂಗಸುಗೂರಿನ ಮನೆಗೆ ಬೀಗ ಹಾಕಿ ಬಸ್ ಹತ್ತಿದವನು, ಮಸ್ಕಿ ಬರುವವರೆಗೂ ಬೀಗ ಹಾಕಿದೆನೋ ಇಲ್ಲವೋ ಎಂದು ಚಡಪಡಿಸುತ್ತಿರುತ್ತೇನೆ; ಇದು ಸಹೋದ್ಯೋಗಿಗಳಿಗೆಲ್ಲ ಗೊತ್ತು. ಇಂಥವನನ್ನು ಮಸ್ಕಿಯ ನಮ್ಮ ಕಾಲೇಜಿನಲ್ಲಿ ಇಬ್ಬರ ಜಗಳ ಬಗೆಹರಿಸಲು ಕೂರಿಸಿದರು.

ಜಗಳ ಮಲ್ಲಣ್ಣ ಮತ್ತು ಖಾಜಾ ಅವರದು. ಇಬ್ಬರೂ ರಸಾಯನಶಾಸ್ತ್ರದವರು, ವರ್ಷಗಟ್ಟಲೆ ಸಿಂಧನೂರಿನಿಂದ ಒಂದೇ ಬೈಕಿನಲ್ಲಿ ಬಂದವರು. ಓಡಿಸುವುದು ಖಾಜಾ, ಹಿಂದೆ ಕೂತು ಮಾತಾಡುವುದು ಮಲ್ಲಣ್ಣ. ಈಗ ಒಬ್ಬರಿಗೆ ಬೈಕು, ಇನ್ನೊಬ್ಬರಿಗೆ ಬಸ್ಸು. ಪ್ರಯೋಗಾಲಯದಲ್ಲಿ ಎದುರುಬದುರು ನಿಂತರೂ ವಿದ್ಯಾರ್ಥಿಗಳ ಮೂಲಕವೇ ಮಾತು. ಮಲ್ಲಣ್ಣ ವರ್ಗಾವಣೆ ಕೇಳಲು ಹೊರಟಿದ್ದರು. ಅವರು ಹೋದರೆ ಪರೀಕ್ಷೆಯ ಹೊತ್ತಿಗೆ ಅರ್ಧ ವಿಭಾಗವೇ ಖಾಲಿ.

ಮೊದಲ ದಿನ ಮಲ್ಲಣ್ಣ, "ನನ್ನ ಒಂದ್ ಮಾತ್ ಕೇಳದ ಟೈಮ್‌ಟೇಬಲ್ ಬದಲ್ ಮಾಡ್ಯಾನ್ರೀ ಸರ" ಎಂದರು. ಗಂಭೀರವಾಗಿ ತಲೆಯಾಡಿಸಿದೆ. ಮರುದಿನದ ಹೊತ್ತಿಗೆ ಅವರು ಹೇಳಿದ್ದು ಟೈಮ್‌ಟೇಬಲ್ಲೋ ಗಾಜಿನ ಸಾಮಾನೋ ಎಂದು ಅನುಮಾನ ಹತ್ತಿತು. "ಇನ್ನೊಮ್ಮೆ ಹೇಳ್ರಿ" ಎಂದೆ. ಈ ಸಲ ಟೈಮ್‌ಟೇಬಲ್ ಸಣ್ಣದಾಗಿ, ಸಭೆಯಲ್ಲಿ ಖಾಜಾ ನಕ್ಕಿದ್ದು ದೊಡ್ಡದಾಯಿತು. ನಿನ್ನೆ ಕೇಳಿದ್ದು ಇದೇ ಹೌದೋ ಅಲ್ಲವೋ? ಮತ್ತೆ ಕೇಳಿದೆ. ಮಲ್ಲಣ್ಣ ಕಿಟಕಿಯ ಕಡೆ ತಿರುಗಿದರು.

"ನಮ್ಮವ್ವನ್ನ ದವಾಖಾನ್ಯಾಗ ಹಾಕಿದ್ವಿ. ಆಪರೇಷನ್ ಐತಿ, ಕೈಕಾಲ ಆಡವಲ್ವು ಅಂತ ಗಾಡಿ ಮ್ಯಾಲ ಬರ್ತಾ ಎಲ್ಲಾ ಹೇಳೀನಿ. ಹೂಂ ಅಂದ. ಆಮ್ಯಾಗ ಒಂದಿನರ ಅವ್ವ ಹ್ಯಾಂಗದಾಳ ಅಂತ ಕೇಳಿಲ್ರೀ."

ಖಾಜಾ ಅವರನ್ನೂ ಕರೆಸಿ, ಮಲ್ಲಣ್ಣನವರ ಎದುರೇ ಇದನ್ನು ಹೇಳಿದೆ. ಅವರು ಕೂತಲ್ಲಿಂದ ಎದ್ದರು.

"ಅವ್ವಗ ಆಪರೇಷನ್ನಾ? ಹೆಲ್ಮೆಟ್ ಹಾಕ್ಕೊಂಡ್ರ ಗಾಳಿ ಬಿಟ್ರ ಏನೂ ಕೇಳಂಗಿಲ್ಲಲೇ ಮಲ್ಯಾ! ನೀ ದಿನಾ ಬಡಬಡಸ್ತಿ, ನಾ ದಿನಾ ಹೂಂ ಅಂತೀನಿ."

"ಇಷ್ಟ್ ವರ್ಷಾನೂ?"

"ಇಷ್ಟ್ ವರ್ಷಾನೂ."

ಖಾಜಾ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು ಮೆಲ್ಲಗೆ, "ಅವ್ವ ಹ್ಯಾಂಗದಾಳ?" ಎಂದರು.

"ಈಗ ಕೇಳಾಕತ್ತೀಯೇನಲೇ?"

"ಈಗ ಹೆಲ್ಮೆಟ್ ಇಲ್ಲಲ್ಲ."

ಸಂಜೆ ಇಬ್ಬರೂ ಒಂದೇ ಬೈಕಿನಲ್ಲಿ ಆ ತಾಯಿಯನ್ನು ನೋಡಲು ಹೋದರು. ವರ್ಗಾವಣೆಯ ಮಾತು ಮತ್ತೆ ಏಳಲಿಲ್ಲ. ಈಗ ಮುಖ್ಯವಾದದ್ದೇನಾದರೂ ಇದ್ದರೆ, ಭತ್ತ ಒಣಹಾಕಿದ ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸಿಯೇ ಮಾತಾಡುತ್ತಾರಂತೆ. ಒಂದೇ ದೂರನ್ನು ಮೂರು ಸಲ ಕೇಳಿದ ನನ್ನ ತಾಳ್ಮೆಯನ್ನು ಪ್ರಾಂಶುಪಾಲರು ಎಲ್ಲರೆದುರು ಹೊಗಳಿದರು. ನಾನು ತಿದ್ದಲು ಹೋಗಲಿಲ್ಲ.

ಮೊನ್ನೆ ಖಾಜಾರ ಬೈಕಿನಲ್ಲಿ ಮಲ್ಲಣ್ಣ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೊರಟರು. ದಾರಿಯಲ್ಲಿ ಅರ್ಧ ಹಿಂದೆ ತಿರುಗಿ ಏನೋ ಕೇಳಿದರು. "ಹೂಂ" ಎಂದೆ. ಅಂದ ಮೇಲೆ ಹೊಳೆಯಿತು, ನನಗೇನೂ ಕೇಳಿಸಿರಲಿಲ್ಲ. ಅವರ ಹೆಗಲು ತಟ್ಟಿ ಗಾಡಿ ನಿಲ್ಲಿಸಲು ಹೇಳಿದೆ.

"ಏನಂದ್ರಿ?"

ಮಲ್ಲಣ್ಣ ನಿಧಾನವಾಗಿ ಹೆಲ್ಮೆಟ್ ತೆಗೆದರು. "ಇವತ್ತರ ಮನೀ ಬೀಗ ಹಾಕೀರಿಲ್ಲ ಅಂತ ಕೇಳಿದ್ನಿ ಸರ."

ಅದಕ್ಕೆ ನಾನು ಆಗಲೇ ಹೂಂ ಅಂದುಬಿಟ್ಟಿದ್ದೆ.