ಬೀಗರ ಜೇಬಿನ ರೇಷ್ಮೆ

ಮಗಳ ಆರತಕ್ಷತೆಗೆ ಕೋಟು, ಟೈ, ಜೇಬಿನಲ್ಲೊಂದು ರೇಷ್ಮೆಯ ತುಂಡು, ಈ ಮೂರನ್ನೂ ಧರಿಸಿಯೇ ತೀರುವುದಾಗಿ ಕುಂದಲಹಳ್ಳಿಯ ವೆಂಕಟೇಶಪ್ಪನವರು ಘೋರ ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆ ನಡೆದದ್ದು ಅವರದೇ ಪಿ.ಜಿ. ಕಟ್ಟಡದ ತಾರಸಿಯ ಮೇಲೆ. ಸಾಕ್ಷಿಗೆ ನೀರಿನ ಟ್ಯಾಂಕುಗಳಿದ್ದವು, ಬಾಡಿಗೆ ಹುಡುಗರು ಒಣಗಹಾಕಿದ್ದ ಟೀ ಶರ್ಟುಗಳಿದ್ದವು. ಅದುವರೆಗೆ ಅವರ ಕೊರಳು ಕಂಡಿದ್ದೆಂದರೆ ಶಲ್ಯ ಮತ್ತು ಹೂವಿನ ಹಾರ ಮಾತ್ರ. ಆದರೇನು, ಹೋದ ಮಾನ ತಾನಾಗಿ ನಡೆದುಕೊಂಡು ಮನೆಗೆ ಬರುವುದಿಲ್ಲವಲ್ಲ.

ಮಾನ ಹೋಗಿದ್ದು ನಿಶ್ಚಿತಾರ್ಥದ ದಿನ. ಹುಡುಗನ ತಂದೆ ಗುರುರಾಜ್ ಅತ್ತಿಬೆಲೆಯ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ಮ್ಯಾನೇಜರ್. ಅವರು ಬೂದು ಬಣ್ಣದ ಕೋಟಿಗೆ ಕಡುನೀಲಿ ಟೈ ಕಟ್ಟಿಕೊಂಡು ಬಂದಿದ್ದರು. ಕೋಟಿನ ಎದೆಯ ಜೇಬಿನಿಂದ ಮಾವಿನಹಣ್ಣಿನ ಬಣ್ಣದ ರೇಷ್ಮೆಯೊಂದು ಎರಡು ಬೆರಳಷ್ಟು ಇಣುಕುತ್ತಿತ್ತು. ಆ ಎರಡು ಬೆರಳಿಗೆ ಇಡೀ ಛತ್ರ ಮರುಳಾಯಿತು. ವೆಂಕಟೇಶಪ್ಪನವರ ಸ್ವಂತ ದೊಡ್ಡಪ್ಪ, ಎಂಬತ್ತು ದಾಟಿದ ದೊಡ್ಡಮುನಿಯಪ್ಪ, ಹೋಳಿಗೆ ಮುರಿಯುತ್ತಾ ಪಂಕ್ತಿಗೆಲ್ಲ ಕೇಳುವಂತೆ ಹೇಳಿಬಿಟ್ಟರು.

"ಬೀಗ ಅಂದ್ರೆ ಅಂಗಿರ್ಬೇಕು ಕಣ್ಲಾ. ನೀನೂ ಇದೀಯ, ಪಂಚೆ ಉಟ್ಕಂಡು, ಪಲ್ಯ ಬಡ್ಸೋ ಭಟ್ಟನಂಗೆ."

ಪರರು ಅಂದಿದ್ದರೆ ಮರೆಯಬಹುದಿತ್ತು. ಅಂದವರು ತಮ್ಮ ಕಡೆಯವರು, ಅದೂ ತಮ್ಮದೇ ಖರ್ಚಿನ ಹೋಳಿಗೆ ತಿನ್ನುತ್ತಾ.

ಮಗಳು ಯಮುನಾ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಅಪ್ಪನ ಪ್ರತಿಜ್ಞೆ ಕೇಳಿ ಅವಳು, "ಅಪ್ಪಾ, ನಮ್ಮ ಆಫೀಸಲ್ಲಿ ಅಷ್ಟು ಜನ ಇದೀವಿ. ಟೈ ಕಟ್ಟೋದು ಸೆಕ್ಯೂರಿಟಿ ಸೂಪರ್‌ವೈಸರ್ ಒಬ್ರೇ," ಎಂದಳು.

"ನಿಮ್ಮ ಮಾವನೋರು ಕಟ್ಕೊಂಡು ಬಂದಿರ್ಲಿಲ್ವಾ?"

"ಅವ್ರಿಗೆ ಕಟ್ಕೊಳ್ಳೋಕೆ ಬರುತ್ತೆ."

ಇನ್ನೂ ತಾಳಿ ಕಟ್ಟಿಸಿಕೊಂಡಿಲ್ಲ, ಆಗಲೇ ಮಾವನ ಪಕ್ಷ. ವೆಂಕಟೇಶಪ್ಪನವರು ಆ ಸಂಜೆಯೇ ಹೋಗಿ ಕೋಟಿಗೆ ಅಳತೆ ಕೊಟ್ಟು, ಮಾಲಿನಿಂದ ಒಂದು ಚೆಂದದ ಡಬ್ಬಿ ತಂದರು. ಒಳಗೆ ಕುಂಕುಮದ ಬಣ್ಣದ ಟೈ, ಪಕ್ಕದಲ್ಲಿ ಅದೇ ಬಟ್ಟೆಯ, ಅದೇ ಚುಕ್ಕೆಯ ಪಾಕೆಟ್ ಸ್ಕ್ವೇರ್, ಅಂದರೆ ಜೇಬಿಗೆ ಸಿಕ್ಕಿಸುವ ಚೌಕ. ಯಮುನಾ ಡಬ್ಬಿ ತೆಗೆದು ನೋಡಿ ಮತ್ತೆ ಮುಚ್ಚಿದಳು.

"ಎರಡೂ ಒಂದೇ ಬಟ್ಟೆ ಅಪ್ಪಾ. ದೊಡ್ಡ ಹೋಟ್ಲಲ್ಲಿ ಮೆನು ತಂದ್ಕೊಡೋರು ಹಾಕ್ಕೊಳ್ಳೋದು ಹಿಂಗೇನೆ. ಟೈಗೂ ಜೇಬಿನ ಬಟ್ಟೆಗೂ ಸಂಬಂಧ ಇರ್ಬೇಕು, ಆದ್ರೆ ಒಂದೇ ಆಗಿರ್ಬಾರ್ದು."

"ಬೀಗರಿದ್ದಂಗೆ?"

"ಹೂಂ, ಹಂಗೇ ಅನ್ಕೊಳ್ಳಿ."

ಟೈ ಉಳಿಯಿತು, ಜೋಡಿ ಬಟ್ಟೆ ಡಬ್ಬಿಯಲ್ಲೇ ಮಲಗಿತು. ಟೈ ಕಟ್ಟುವುದಾದರೂ ಸಾಮಾನ್ಯ ವಿದ್ಯೆಯೇ? ಅದರ ತುದಿ ಸರಿಯಾಗಿ ಬೆಲ್ಟಿನ ಬಕಲ್ಲಿನವರೆಗೆ ಬರಬೇಕಂತೆ. ವೆಂಕಟೇಶಪ್ಪನವರ ಟೈ ಕೊರಳಿನಿಂದ ಉತ್ಸಾಹದಲ್ಲೇ ಹೊರಟು, ಹೊಟ್ಟೆಯ ಏರು ಹತ್ತುವಷ್ಟರಲ್ಲಿ ದಣಿದು, ಹೊಕ್ಕುಳಿನ ಮೇಲೆ ನಿಂತುಬಿಡುತ್ತಿತ್ತು. ಅಗಲದ ತುದಿಯನ್ನು ಇನ್ನಷ್ಟು ಇಳಿಬಿಟ್ಟು ಕಟ್ಟಿದರೆ ಹಿಂದಿನ ಸಣ್ಣ ತುದಿ ಗಂಟಿನ ಒಳಗೇ ಮಾಯ. ವಾರಗಟ್ಟಲೆ ಕನ್ನಡಿಯ ಮುಂದೆ ಈ ತಪಸ್ಸು ನಡೆಯಿತು. ಕಡೆಗೆ ಹೆಂಡತಿ ಕೃಷ್ಣಮ್ಮ ನೋಡಲಾರದೆ ಕೇಳಿದರು. "ಹಸಿನ ಕೊರಳಿಗೆ ಇಪ್ಪತ್ತು ವರ್ಷ ಹಗ್ಗ ಕಟ್ಟಿದೀರ. ಇದೊಂದು ಬರಲ್ವಾ ನಿಮ್ಗೆ?"

ಅದನ್ನು ಕೇಳಿದ ಮೇಲೆ ವೆಂಕಟೇಶಪ್ಪನವರು ಕಣ್ಣು ಮುಚ್ಚಿ, ಹಸುವನ್ನು ನೆನೆದು ಕಟ್ಟಿದರು. ಗಂಟು ಸೊಗಸಾಗಿ ಕೂತಿತು, ನಡುವೆ ಒಂದು ಗುಳಿಯೂ ಬಿತ್ತು, ತುದಿ ಬಕಲ್ಲನ್ನು ಮುಟ್ಟಿತು.

ಉಳಿದದ್ದು ಜೇಬು. ಕುಂಕುಮದ ಟೈಗೆ ತಾಮ್ರದ ಬಣ್ಣ ಹೊಂದುತ್ತದೆ ಎಂದು ಯಮುನಾ ಹೇಳಿದ್ದಳು. ಅಂಗಡಿ ಅಲೆಯುವುದೇಕೆ ಎಂದು ವೆಂಕಟೇಶಪ್ಪನವರು ಮನೆಯ ಬೀರು ತೆರೆದರು. ಕೆಳಗಿನ ಅರೆಯಲ್ಲಿ ಬ್ಲೌಸ್ ಪೀಸುಗಳ ಗುಡ್ಡವಿತ್ತು. ಈ ಬ್ಲೌಸ್ ಪೀಸುಗಳ ಬಾಳು ಎಲ್ಲರ ಮನೆಯಲ್ಲೂ ಒಂದೇ. ಗೌರಿ ಹಬ್ಬಕ್ಕೆ ಬಾಗಿನದಲ್ಲಿ ಬರುತ್ತವೆ, ಯಾರದೋ ಗೃಹಪ್ರವೇಶಕ್ಕೆ ತಾಂಬೂಲದ ಜೊತೆ ಹೋಗುತ್ತವೆ, ಊರೆಲ್ಲ ಸುತ್ತಿ ಮೊದಲು ಕೊಟ್ಟವರ ಮನೆಗೇ ಬಂದು ಸೇರುತ್ತವೆ. ಅವುಗಳನ್ನು ಹೊಲಿಸಿಕೊಂಡವರನ್ನು ಯಾರೂ ಕಂಡಿಲ್ಲ. ಒಂದು ಕಡಿಮೆಯಾದರೆ ಯಾರಿಗೆ ತಿಳಿದೀತು?

ಗುಡ್ಡದ ತುದಿಯಲ್ಲೇ ತಾಮ್ರದ ಬಣ್ಣದ ಪೀಸೊಂದು ಮಡಿಸಿಟ್ಟಿತ್ತು. ಊರು ಸುತ್ತುವ ಪೀಸು ಇಂಥ ಅಪ್ಪಟ ರೇಷ್ಮೆಯಾಗಿರುವುದಿಲ್ಲ ಎಂಬ ಅನುಮಾನ ಅವರಿಗೆ ಬರಬೇಕಿತ್ತು, ಬರಲಿಲ್ಲ. ಬಟ್ಟೆಯನ್ನು ಹಾಸಿ, ಬಾತ್‌ರೂಮಿಗೆ ಹಾಕಿಸಿ ಮಿಕ್ಕಿದ್ದ ಒಂದಡಿಯ ಟೈಲ್ಸ್ ತಂದು ಅದರ ಮೇಲಿಟ್ಟರು. ಮೊದಲು ಮೂಲೆಯಲ್ಲಿಟ್ಟರು. ಅಲ್ಲಿ ಜರಿಯ ಅಂಚು ಬರುತ್ತಿತ್ತು. ಅಂಚು ಬಂದರೆ ಆಡಂಬರ, ಅಭಿರುಚಿ ಇರುವವರು ಹಾಗೆ ಮಾಡುವುದಿಲ್ಲ. ಆದ್ದರಿಂದ ಟೈಲ್ಸನ್ನು ಸರಿಯಾಗಿ ನಡುಮಧ್ಯಕ್ಕೆ ಸರಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಕತ್ತರಿ ಆಡಿಸಿದರು. ಉಳಿದದ್ದನ್ನು ಇದ್ದ ಹಾಗೇ ಮಡಿಸಿ ಬೀರುವಿನಲ್ಲಿಟ್ಟರು. ಚೌಕವನ್ನು ಕೋಟು ಹೊಲಿಯುವವನ ಹತ್ತಿರ ಒಯ್ದು ಸುತ್ತಲೂ ಅಂಚು ಮಡಿಸಿ ಹೊಲಿಸಿಕೊಂಡು ಬಂದರು.

ಆರತಕ್ಷತೆ ಇನ್ನೇನು ಹತ್ತಿರ ಬಂದಾಗ, ಅವರದೇ ಕಟ್ಟಡದ ಕೆಳಗೆ ಟೈಲರಿಂಗ್ ಅಂಗಡಿ ಇಟ್ಟಿದ್ದ ಶ್ಯಾಮಲಾ ಮೆಟ್ಟಿಲು ಹತ್ತಿ ಬಂದಳು. ಕೃಷ್ಣಮ್ಮ ಬೆಳಿಗ್ಗೆ ಹೊಲಿಯಲು ಕೊಟ್ಟಿದ್ದ ಪೀಸು ಅವಳ ಕೈಯಲ್ಲಿತ್ತು. ಅದನ್ನು ಬಿಡಿಸಿ ಎತ್ತಿ ಹಿಡಿದಳು. ನಡುವಿನ ಕಿಟಕಿಯಿಂದ ಅವಳ ಮುಖ ಕಾಣಿಸಿತು.

"ಆಂಟಿ, ಇದು ಇಲಿ ಕಡಿದಿದ್ದಲ್ಲ. ಇಲಿ ಇಷ್ಟು ನೀಟಾಗಿ ಕಡಿಯಲ್ಲ."

ಕೃಷ್ಣಮ್ಮ ನಿಧಾನವಾಗಿ ತಿರುಗಿದರು. ವೆಂಕಟೇಶಪ್ಪನವರು ಪೂರ್ತಿ ವೇಷದಲ್ಲಿ ಕನ್ನಡಿಯ ಮುಂದೆ ನಿಂತಿದ್ದರು. ಜೇಬಿನಿಂದ ತಾಮ್ರದ ರೇಷ್ಮೆ ಸರಿಯಾಗಿ ಎರಡು ಬೆರಳು ಇಣುಕುತ್ತಿತ್ತು.

"ಅದೇನ್ರೀ ಜೇಬಲ್ಲಿ?"

"ಪಾಕೆಟ್ ಸ್ಕ್ವೇರು."

"ಎಲ್ಲಿ ತಗೊಂಡ್ರಿ?"

"ಮನೇಲೇ ಇತ್ತು."

"ಇದು ಬೀಗಿತ್ತಿ ನನ್ನ ಮಡಿಲಿಗೆ ಹಾಕಿದ ಸೀರೇದು ಕಣ್ರೀ. ಸುಮಂಗಲಮ್ಮನವರು ನಿಶ್ಚಿತಾರ್ಥದಲ್ಲಿ ಕೊಟ್ಟಿದ್ದು. ಹೊಲಿಯೋಕೆ ಕೊಡೋಣ ಅಂತ ಪೀಸು ಬೇರೆ ಮಾಡಿ ಇಟ್ಟಿದ್ದೆ." ಕೃಷ್ಣಮ್ಮನ ದನಿ ಏರಲಿಲ್ಲ, ಅದೇ ಹೆದರಿಕೆಯ ವಿಷಯ. "ಆ ಸೀರೆ ಉಟ್ಕೊಂಡೇ ನಾನು ಸ್ಟೇಜ್ ಮೇಲೆ ನಿಲ್ಬೇಕು. ಅವ್ರ ಕಡೆ ಹೆಂಗಸ್ರು ಬಂದು ಮೊದ್ಲು ನೋಡೋದೇ ಅದನ್ನ. ಬೀಗಿತ್ತಿ ಕೊಟ್ಟ ಸೀರೆಗೆ ಮರ್ಯಾದೆ ಕೊಡ್ಲಿಲ್ಲ ಅಂತ ನನ್ನ ಮಗಳು ಆ ಮನೇಲಿ ಎಷ್ಟು ವರ್ಷ ಮಾತು ಕೇಳ್ಬೇಕು, ಯೋಚ್ನೆ ಮಾಡಿದ್ರಾ?"

ವೆಂಕಟೇಶಪ್ಪನವರು ಟೈಯ ಗಂಟನ್ನು ಸಡಿಲಿಸಿದರು. ಬೀಗರ ಮುಂದೆ ತಲೆಯೆತ್ತಲು ಹೊರಟವರು ಮಗಳ ತಲೆ ತಗ್ಗಿಸುವ ಕೆಲಸ ಮಾಡಿದ್ದರು.

"ಮೂಲೇಲಿ ಕತ್ತರಿಸಿದ್ರೆ ಏನಾದ್ರೂ ಮಾಡ್ಬಹುದಿತ್ತು ಅಂಕಲ್," ಎಂದಳು ಶ್ಯಾಮಲಾ.

"ಅಂಚು ಬಂದ್ರೆ ಆಡಂಬರ ಆಗುತ್ತಮ್ಮ."

ಶ್ಯಾಮಲಾ ಬಟ್ಟೆಯನ್ನು ತಿರುಗಿಸಿ ನೋಡಿದಳು. "ಒಂದು ಕೆಲ್ಸ ಮಾಡ್ಲಾ ಆಂಟಿ? ಬೆನ್ನಿಗೆ ಕಿಟಕಿ ಇಟ್ಟು ಹೊಲಿದ್ಬಿಡ್ತೀನಿ. ಈಗ ಅದೇ ಫ್ಯಾಷನ್ನು."

"ಮಗಳ ಮದುವೇಲಿ ಬೆನ್ನು ಬಿಟ್ಕೊಂಡು ನಿಂತ್ಕೊಳ್ಲಾ ನಾನು?"

ಅದೇ ಬಣ್ಣದ ಬಟ್ಟೆಗಾಗಿ ಅಂಗಡಿಗಳನ್ನು ಹುಡುಕಿದ್ದಾಯಿತು. ಒಂದು ಕಡೆ ಇಟ್ಟಿಗೆಯ ಬಣ್ಣ, ಇನ್ನೊಂದು ಕಡೆ ಬೆಲ್ಲದ ಬಣ್ಣ, ತಾಮ್ರ ಎಲ್ಲೂ ಇಲ್ಲ. ಕಡೆಗೆ ವೆಂಕಟೇಶಪ್ಪನವರು ಜೇಬಿಗೆ ಕೈ ಹಾಕಿ, ಗೆದ್ದ ಪದಕವನ್ನು ವಾಪಸು ಮಾಡುವವರ ಹಾಗೆ ಚೌಕವನ್ನು ತೆಗೆದು ಶ್ಯಾಮಲಾಳ ಕೈಗಿಟ್ಟರು. ಅಂಚು ಮಡಿಸಿ ಹೊಲಿದಿದ್ದರಿಂದ ಅದು ಹೋದ ಜಾಗಕ್ಕೆ ಪೂರ್ತಿ ಸಾಲಲಿಲ್ಲ. ಸುತ್ತ ಚಿನ್ನದ ಬಣ್ಣದ ಪಟ್ಟಿ ಕೊಟ್ಟು ಶ್ಯಾಮಲಾ ಹೇಗೋ ಕೂಡಿಸಿದಳು. ಬ್ಲೌಸು ಸಿದ್ಧವಾದಾಗ ಬೆನ್ನಿನ ನಡುವೆ ಚೌಕಟ್ಟು ಹಾಕಿಸಿದ ಫೋಟೋ ತೂಗುಹಾಕಿದಂತಿತ್ತು. ಇಡೀ ಸಂಜೆ ಸೆರಗು ಹೊದ್ದು ನಿಲ್ಲುವುದೆಂದು ಕೃಷ್ಣಮ್ಮ ತೀರ್ಮಾನಿಸಿದರು. ಜೊತೆಗೆ ಗಂಡನ ಹತ್ತಿರ ಮಾತು ಬಿಟ್ಟರು.

ಆರತಕ್ಷತೆ ಬೊಮ್ಮನಹಳ್ಳಿಯ ಒಂದು ಛತ್ರದಲ್ಲಿ. ವೆಂಕಟೇಶಪ್ಪನವರ ಕೋಟು ಮೈಗೆ ಒಪ್ಪಿತ್ತು, ಟೈ ಬಕಲ್ಲಿಗೆ ಮುಟ್ಟಿತ್ತು, ಜೇಬು ಮಾತ್ರ ಖಾಲಿ. ಗುರುರಾಜ್ ಅದೇ ಬೂದು ಕೋಟಿನಲ್ಲಿ, ಅದೇ ಮಾವಿನ ಬಣ್ಣದ ರೇಷ್ಮೆ ಇಣುಕಿಸಿಕೊಂಡು ವೇದಿಕೆ ಹತ್ತಿದರು. ಆದರೆ ಈ ಹೊತ್ತು ವೆಂಕಟೇಶಪ್ಪನವರ ಕಣ್ಣು ಆ ಕಡೆ ಹೋಗಲಿಲ್ಲ. ಅವರು ನೋಡುತ್ತಿದ್ದದ್ದು ಹೆಂಡತಿಯ ಸೆರಗನ್ನು.

ಬೀಗಿತ್ತಿ ಸುಮಂಗಲಾ ಸೀರೆ ಕಂಡು ಅರಳಿದರು. "ಉಟ್ಟಿದೀರಲ್ಲ ಕೃಷ್ಣಕ್ಕ, ತುಂಬ ಸಂತೋಷ ಆಯ್ತು. ತಿರುಗಿ, ನಾನೇ ಹೂ ಮುಡಿಸ್ತೀನಿ."

ಬೀಗಿತ್ತಿ ಹೂ ಮುಡಿಸುತ್ತೇನೆಂದರೆ ಬೇಡ ಎನ್ನುವುದುಂಟೇ? ಕೃಷ್ಣಮ್ಮ ತಿರುಗಿದರು. ಮಲ್ಲಿಗೆ ದಂಡೆಗೆ ಪಿನ್ನು ಸಿಕ್ಕಿಸುವಾಗ ಸೆರಗು ಹೆಗಲಿನಿಂದ ಜಾರಿತು. ಸುಮಂಗಲಾರ ಕೈ ಅಲ್ಲೇ ನಿಂತಿತು. ಹಿಂದೆ ನಿಂತಿದ್ದ ಅವರ ಕಡೆಯ ಹೆಂಗಸರು ಒಬ್ಬೊಬ್ಬರಾಗಿ ಕತ್ತು ಚಾಚಿದರು.

"ಇದೇನಿದು, ಮಧ್ಯದಲ್ಲಿ ತೇಪೆ?"

ಕೃಷ್ಣಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ನಿಮ್ಮ ಬೀಗರು ಚೌಕ ಕತ್ತರಿಸಿ ಜೇಬಿಗೆ ಇಟ್ಕೊಂಡಿದ್ರು. ಕಿತ್ಕೊಂಡು ಹೊಲಿಸ್ದೆ. ತಪ್ಪು ತಿಳ್ಕೋಬೇಡಿ. ನೀವು ಕೊಟ್ಟಿದ್ದನ್ನ ಉಡ್ದೆ ಇರೋಕೆ ಮನಸ್ಸಾಗ್ಲಿಲ್ಲ."

ವೆಂಕಟೇಶಪ್ಪನವರಿಗೆ ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ. ವೇದಿಕೆಯ ಹಿಂದೆ ಮೆಟ್ಟಿಲಿದೆಯೇ ಎಂದು ನೋಡಿದರು. ಇರಲಿಲ್ಲ.

ಸುಮಂಗಲಾ ಒಂದು ಮಾತೂ ಆಡದೆ ಗಂಡನ ಹತ್ತಿರ ಹೋದರು. ಅವರ ಎದೆಯ ಜೇಬಿನಿಂದ ಮಾವಿನ ಬಣ್ಣದ ರೇಷ್ಮೆಯನ್ನು ಎಳೆದು ಕೃಷ್ಣಮ್ಮನ ಮುಂದೆ ಬಿಡಿಸಿ ಹಿಡಿದರು. ಅದರ ಮೂಲೆಯಲ್ಲಿ ಜರಿಯ ನವಿಲೊಂದರ ಅರ್ಧ ಮೈ ಇತ್ತು.

"ಉಳಿದರ್ಧ ನವಿಲು ನಮ್ಮ ಮನೆ ಬೀರುವಲ್ಲಿದೆ ಕೃಷ್ಣಕ್ಕ. ನನ್ನ ಮದುವೆಗೆ ನಮ್ಮಮ್ಮ ಕೊಟ್ಟ ಸೀರೆ."

ಇಬ್ಬರೂ ಆ ಅರ್ಧ ನವಿಲನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕಿದ್ದು ಯಾರೋ ಗೊತ್ತಾಗಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು, ಕೈ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕಣ್ಣೊರೆಸಿಕೊಳ್ಳಲು ಆ ರೇಷ್ಮೆಯೇ ಉಪಯೋಗಕ್ಕೆ ಬಂತು. ಯಮುನಾಳೂ ನಕ್ಕಳು. ಫೋಟೋದವನು, "ಸಾರ್, ನೀವಿಬ್ರೂ ಸ್ವಲ್ಪ ಆ ಕಡೆ ಬನ್ನಿ, ಅಮ್ಮಂದಿರದ್ದೊಂದು ತೆಗೀತೀನಿ," ಎಂದು ಬೀಗರಿಬ್ಬರನ್ನೂ ವೇದಿಕೆಯ ಅಂಚಿಗೆ ಸರಿಸಿದ. ಖಾಲಿ ಜೇಬಿನ ಎರಡು ಕೋಟುಗಳು ಅಕ್ಕಪಕ್ಕ ನಿಂತವು.

"ಅವ್ರಿಗೆ ಸಿಟ್ಟು ಅಂತ ಗೊತ್ತಿದ್ದೂ ಇವತ್ತು ಮತ್ತೆ ಯಾಕೆ ಇಟ್ಕೊಂಡು ಬಂದ್ರಿ ಬೀಗ್ರೆ?" ಎಂದು ವೆಂಕಟೇಶಪ್ಪನವರು ಮೆಲ್ಲಗೆ ಕೇಳಿದರು.

"ನೀವು ಭಾರಿ ತಯಾರಿ ನಡೆಸಿದೀರ ಅಂತ ಯಮುನಾ ಹೇಳಿದ್ಲು. ನಾನು ಕಡಿಮೆ ಆಗ್ಬಾರ್ದಲ್ಲ."

ವೆಂಕಟೇಶಪ್ಪನವರ ಎದೆ ಹಗುರಾಯಿತು. ಈಗ ಅವರಿಗೆ ಬೀಗರಿಂದ ತಿಳಿಯಬೇಕಾದದ್ದು ಒಂದೇ ಉಳಿದಿತ್ತು. "ಮನೇಲಿ ಎಷ್ಟು ದಿನಕ್ಕೆ ಸರಿಹೋಯ್ತು? ನಿಮ್ಮನೆಯವ್ರು ಮತ್ತೆ ಮಾತಾಡಿದ್ದು ಯಾವಾಗ?"

ಗುರುರಾಜ್ ಹೆಂಡತಿಯ ಕಡೆ ನೋಡಿದರು. "ನಿಶ್ಚಿತಾರ್ಥದ ದಿನ ಮಾತು ಬಿಟ್ಟಿದ್ದು. ಈಗ ಆಡಿದ್ಲಲ್ಲ, ಅದೂ ನಿಮ್ಮನೆಯವ್ರ ಜೊತೆ. ನನ್ನ ಜೊತೆ ಇನ್ನೂ ಇಲ್ಲ."

ವೆಂಕಟೇಶಪ್ಪನವರು ಆಸೆಯಿಂದ ಕೃಷ್ಣಮ್ಮನ ಕಡೆ ತಿರುಗಿ ಒಂದು ನಗೆ ಬೀರಿದರು. ಕಣ್ಣಿಗೆ ಕಣ್ಣು ಕೂಡಿದ್ದೇ ತಡ, ಕೃಷ್ಣಮ್ಮನ ನಗು ನಿಂತಿತು. ಅವರು ಮಗಳ ಕಡೆ ಬಾಗಿ, ಮೂರನೆಯ ಸಾಲಿನವರೆಗೂ ಕೇಳುವಂತೆ ಹೇಳಿದರು.

"ನಿಮ್ಮಪ್ಪಂಗೆ ಹೇಳು, ಟೈ ಸೊಟ್ಟಗಿದೆ ಅಂತ."